ಗಡ್ಡೆಯ ರಿಪೋರ್ಟು ಮದುವೆಗಲ್ಲ

ಸಂಪಾದಕರಿಗೆ ನಮಸ್ಕಾರ.

ನಮ್ಮ ಭಾವನೊಬ್ಬನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಊರು ಹೆಸರು ಬೇಡ, ಈಗಾಗಲೇ ಸುದ್ದಿ ಜಾಸ್ತಿಯೇ ಹರಡಿದೆ. ಗಡ್ಡೆಯ ಚೂರಿನ ರಿಪೋರ್ಟಿನಲ್ಲಿ ‘ಕೆ-ರಾಸ್ ಮ್ಯುಟೇಶನ್ ಇದೆ’ ಅಂತ ಬಂತು, ಅಂದರೆ ಕೆ-ರಾಸ್ ಎಂಬ ಜೀನಿನಲ್ಲಿ ತಪ್ಪಾಗಿದೆ ಅಂತ. ಅಷ್ಟೇ, ಮಗಳಿಗೆ ಮಾತಾಡಿದ್ದ ಸಂಬಂಧದವರು ‘ಜೀನಿನಲ್ಲೇ ಇದೆಯಂತಲ್ಲ’ ಎಂದು ಜಾತಕ ವಾಪಸ್ ಕೊಟ್ಟರು.

ಕೆ-ರಾಸ್ ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ, ಜಾತಕ ವಾಪಸ್ ಕೊಟ್ಟವರಲ್ಲೂ ಇದೆ. ‘ಬೆಳೆ, ಎರಡಾಗು’ ಎಂಬ ಸುದ್ದಿಯನ್ನು ಜೀವಕೋಶದೊಳಗೆ ದಾಟಿಸುವ ಪ್ರೋಟೀನು ಈ ಜೀನಿನಿಂದ ಆಗುತ್ತದೆ. ಬಾವಿಯ ಪಂಪಿನ ಸ್ವಿಚ್ಚಿದ್ದ ಹಾಗೆ. ಜಿಟಿಪಿ ಎಂಬ ಅಣು ಅಂಟಿಕೊಂಡರೆ ಆನ್, ಅದನ್ನು ಮುರಿದು ಜಿಡಿಪಿ ಮಾಡಿದರೆ ಆಫ್ (ಸರ್ಕಾರದ ಜಿಡಿಪಿ ಅಲ್ಲ ಮಾರಾಯ್ರೆ). ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ತಪ್ಪಿ, ಪ್ರೋಟೀನಿನ 12ನೇ ಜಾಗದ ಗ್ಲೈಸಿನ್ ಹೋಗಿ ಇನ್ನೊಂದು ಅಮೈನೋ ಆಮ್ಲ (ಪ್ರೋಟೀನು ಕಟ್ಟುವ ಇಟ್ಟಿಗೆ) ಬಂದು ಕೂತರೆ ಈ ಮುರಿಯುವ ಕೆಲಸ ಕೆಡುತ್ತದೆ, ಸ್ವಿಚ್ಚು ಆನ್‌ನಲ್ಲೇ ಕಚ್ಚಿಕೊಳ್ಳುತ್ತದೆ, ಟ್ಯಾಂಕಿ ತುಂಬಿ ಹರಿದರೂ ಪಂಪು ನಿಲ್ಲುವುದಿಲ್ಲ. ಇದೇ ಮನೆತನದ ಎಚ್-ರಾಸ್ ಜೀನಿನಲ್ಲಿ ಇಂಥದೇ ಒಂದಕ್ಷರದ ತಪ್ಪು 1982ರಲ್ಲಿ ಮೂತ್ರಕೋಶದ ಕ್ಯಾನ್ಸರಿನಲ್ಲಿ ಸಿಕ್ಕಿತ್ತು.

ಕ್ಯಾನ್ಸರ್ ಆಗಲು ಕೆ-ರಾಸ್ ತಪ್ಪೊಂದೇ ಸಾಲದು ಕೂಡ. ಕರುಳಿನಲ್ಲಿ ಹೆಚ್ಚಾಗಿ ಮೊದಲು ಎಪಿಸಿ ಎಂಬ, ಬೆಳವಣಿಗೆಯನ್ನು ತಡೆಹಿಡಿಯುವ ಜೀನು ಕೆಡುತ್ತದೆ, ಪಾಲಿಪ್ ಎಂಬ ಸಣ್ಣ ಗಂಟು ಏಳುತ್ತದೆ, ಆಮೇಲೆ ಕೆ-ರಾಸ್ ಕೆಡುತ್ತದೆ, ಕೊನೆಗೆ ಪಿ53 ಎಂಬ ಇನ್ನೊಂದು ತಡೆಹಿಡಿಯುವ ಜೀನು. ವರ್ಷಗಟ್ಟಲೆ ಹಿಡಿಯುವ ಕೆಲಸ.

ಭಾವನ ಕೆ-ರಾಸ್ ತಪ್ಪು ಹುಟ್ಟಿದ್ದು ಅವನ ಕರುಳಿನ ಕೋಶದಲ್ಲಿ, ದೊಡ್ಡವನಾದ ಮೇಲೆ. ಅದು ಮಗಳಿಗೆ ದಾಟುವುದು ಹೇಗೆ? ವಂಶದಲ್ಲಿ ಬರುವ ಕರುಳಿನ ಕ್ಯಾನ್ಸರೂ ಇವೆ, ಇಲ್ಲ ಅನ್ನುವುದಿಲ್ಲ. ಅಲ್ಲಿ ಕೆಟ್ಟಿರುವುದು ಬೇರೆ ಜೀನುಗಳು, ಅದಕ್ಕೆ ರಕ್ತದ ಪರೀಕ್ಷೆಯೇ ಬೇರೆ, ಬೇಕಾದರೆ ಡಾಕ್ಟರೇ ಹೇಳುತ್ತಾರೆ.

ಈ ಪರೀಕ್ಷೆ ಮಾಡಿಸಿದ್ದು ಮದ್ದಿಗೆ. ಸೆಟುಕ್ಸಿಮ್ಯಾಬ್ ಎಂಬ ಇಂಜೆಕ್ಷನ್ ಸ್ವಿಚ್ಚಿಗೆ ಮೇಲಿನಿಂದ ಬರುವ ಆಜ್ಞೆಯನ್ನು ತಡೆಯುತ್ತದೆ, ಸ್ವಿಚ್ಚೇ ಕಚ್ಚಿಕೊಂಡಿದ್ದರೆ ಏನು ಪ್ರಯೋಜನ? ಸುಮ್ನೆ ದುಡ್ಡು ದಂಡ, ಮೈಗೂ ತೊಂದರೆ. ಅದನ್ನು ಮೊದಲೇ ತಿಳಿಯಲು ಮಾಡಿಸಿದ ಕಾಗದ ಜಾತಕದ ಪಕ್ಕದಲ್ಲಿ ಹೋಗಿ ಕೂತಿತು ನೋಡಿ.

ನಿಮ್ಮ ಆರೋಗ್ಯ ಪುಟದಲ್ಲಿ ಇನ್ನು ‘ಕ್ಯಾನ್ಸರ್ ಜೀನ್’ ಅಂತ ಬರೆಯುವಾಗ, ಅದು ಗಡ್ಡೆಯಲ್ಲಿ ಆದ ತಪ್ಪೋ ಹುಟ್ಟಿನಿಂದ ಬಂದದ್ದೋ ಅಂತ ಒಂದು ಸಾಲು ಸೇರಿಸಿ.

– ನಿವೃತ್ತ ವಿಜ್ಞಾನ ಮಾಸ್ಟ್ರು, ಉಡುಪಿ