ನೀನು ಮರೆತುಹೋದ ಪುಸ್ತಕ

ಧಾರವಾಡ, ಸೋಮವಾರ ರಾತ್ರಿ

ಮಗಳೇ,

ಕಟ್ಟಿಟ್ಟ ರೊಟ್ಟಿ ಗಂಟು ಇಲ್ಲೇ ಉಳಿಯಿತು. ದೈವಶಾಸ್ತ್ರ ಓದಿದವಳನ್ನು ಯಾರು ಮಾಡಿಕೊಳ್ಳುತ್ತಾರೆ ಅಂತ ನಾನು ಅಂದದ್ದು, ನೀನು ತಿರುಗಿ ಅಂದದ್ದು, ಎರಡನ್ನೂ ಮತ್ತೆ ಬರೆಯುವುದಿಲ್ಲ.

ನನ್ನನ್ನು ಕಾಡುತ್ತಿರುವುದು ಬೇರೆ. ನಿನಗೆ ಆಗ ಹನ್ನೊಂದು ವರ್ಷ. ಕ್ರಿಸ್ಮಸ್ಸಿಗೆ ವಾರವಿತ್ತು. ಸಭಾಪಾಲಕರು ಪಡಸಾಲೆಯಲ್ಲಿ ಹುಡುಗರಿಗೆ ಲೂಕನ ಸುವಾರ್ತೆ ಹೇಳಿಕೊಡುತ್ತಿದ್ದರು, ನೀನೂ ಚಾಪೆಯ ತುದಿಗೆ ಕೂತಿದ್ದೆ. ಕರ್ಚಿಕಾಯಿ ಮಾಡಲು ಕೈ ಸಾಲದೆಂದು ಕೂಗಿದೆ. ಒಂದೇ ಕೂಗಿಗೆ ಎದ್ದು ಬಂದೆ, ಮಾತಿಲ್ಲ. ಅಂಚು ಮಡಚುತ್ತಿದ್ದರೂ ಕಿವಿ ಪಡಸಾಲೆಯಲ್ಲೇ. ನೀನು ಮಡಚಿದ್ದರಲ್ಲಿ ಎರಡು ಎಣ್ಣೆಯಲ್ಲಿ ಬಿಚ್ಚಿಕೊಂಡು ಸಕ್ಕರೆ, ಕೊಬ್ಬರಿ ಎಲ್ಲ ಕರಕಲಾಯಿತು. ಲಕ್ಷ್ಯ ಎಲ್ಲಿದೆ ಅಂತ ಬೈದೆ. ಎಲ್ಲಿತ್ತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬೈದೆ.

ನೀನು ಮರೆತುಹೋದ ಪುಸ್ತಕ ಎರಡು ರಾತ್ರಿಯಿಂದ ಓದುತ್ತಿದ್ದೇನೆ. ಬೇಥಾನ್ಯದ ಮರಿಯಳು ಯೇಸುಸ್ವಾಮಿಯ ಪಾದಗಳ ಬಳಿ ಕೂತದ್ದು ಬರೀ ಭಕ್ತಿಯೆಂದು ತಿಳಿದಿದ್ದೆ. ಯೆಹೂದ್ಯ ಗುರು ಗಮಲಿಯೇಲನ ಪಾದಗಳ ಬಳಿ ಕಲಿತೆನೆಂದು ಅಪೊಸ್ತಲ ಪೌಲನು ಹೇಳುತ್ತಾನಲ್ಲ, ಅದೇ ಮಾತು. ಅದು ಶಿಷ್ಯರು ಕೂಡುವ ಜಾಗ. ಕೆಲಸಕ್ಕೆ ಕೈಹಚ್ಚಲಿಲ್ಲವೆಂದು ಅಕ್ಕ ಮಾರ್ಥಳು ದೂರಿದರೂ ಸ್ವಾಮಿ ತಂಗಿಯನ್ನು ಎಬ್ಬಿಸಲಿಲ್ಲ. ನಾನು ಎಬ್ಬಿಸಿದೆ.

ಕ್ರಿ.ಶ. 200ರ ಸುಮಾರಿಗೆ ರೂಪುಗೊಂಡ ಯೆಹೂದ್ಯರ ಧರ್ಮನಿಯಮಗಳ ಸಂಗ್ರಹ ಮಿಷ್ನಾದಲ್ಲಿ, ಮಗಳಿಗೆ ತೋರಾ, ಅಂದರೆ ಅವರ ಧರ್ಮಶಾಸ್ತ್ರ, ಕಲಿಸಲೇಬೇಕು ಅನ್ನುತ್ತಾನೆ ಬೆನ್ ಅಜ್ಜೈ ಎಂಬ ಪಂಡಿತ. ಕಲಿಸಿದರೆ ಚೆಲ್ಲುತನ ಕಲಿಸಿದಂತೆ ಅನ್ನುತ್ತಾನೆ ರಬ್ಬಿ ಎಲಿಯೇಜರ್. ಮೊನ್ನೆ ನನ್ನ ಬಾಯಿಂದ ಬಂದದ್ದು ಎಲಿಯೇಜರನ ಮಾತೇ. ಬೆರೂರ್ಯ ಎಂಬಾಕೆ ಒಂದೇ ದಿನದಲ್ಲಿ 300 ಗುರುಗಳಿಂದ 300 ಪಾಠ ಕಲಿತಳೆಂದು ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥ ತಾಲ್ಮೂದ್ ಹೇಳುವುದನ್ನು ಓದಿದಾಗ ನಿನ್ನದೇ ಮುಖ ಕಣ್ಣಿಗೆ ಕಟ್ಟಿತು.

ರೋಮಿನ ವಿಧವೆ ಪೌಲಾಳ ಪುಟವನ್ನಂತೂ ಮೂರು ಸಲ ಓದಿದೆ. ಮಗಳು ಯೂಸ್ಟೋಕಿಯಂ ಜೊತೆ ಬೇತ್ಲೆಹೇಮಿಗೆ ಹೋಗಿ, 404ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದಳು. ಸತ್ಯವೇದವನ್ನು ವಿವರಿಸಿ ಓದಿಸೆಂದು ಸತ್ಯವೇದದ ವಿದ್ವಾಂಸ ಜೆರೋಮನನ್ನು ಕಾಡಿದಳು, ಅವನು ಗೊತ್ತಿಲ್ಲವೆಂದರೂ ಬಿಡಲಿಲ್ಲ. ಕೀರ್ತನೆಗಳನ್ನು ಹೀಬ್ರೂವಿನಲ್ಲೇ ಹಾಡುತ್ತಿದ್ದಳಂತೆ. ತಾಯಿ ಮಗಳು ಒಟ್ಟಿಗೆ ಕೂತು ಕಲಿತರು, ನೋಡು.

ನೀನೂ ಹಾಗೆ ಪಟ್ಟುಹಿಡಿದು ಕೇಳು. ಆದರೆ ಗುರುಗಳೆದುರು ದನಿ ಏರಿಸಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆ ಕೆಡಬೇಡ, ಒಬ್ಬಳೇ ರಾತ್ರಿ ಬಸ್ಸು ಹತ್ತಬೇಡ. ಮದುವೆ ವಿಷಯ... ಬೇಡ, ಎತ್ತುವುದಿಲ್ಲ. ಇಷ್ಟು ಓದಿ ಬಂದ ಮೇಲೂ ನಿನ್ನನ್ನು ಪ್ರಸಂಗಕ್ಕೆ ನಿಲ್ಲಿಸದೆ ಹೂ ಜೋಡಿಸಲು ಹಚ್ಚಿದರೆ ಹೇಗೆ ಅನ್ನುವ ಹೆದರಿಕೆ ನನ್ನದು. ಅದನ್ನೇ ಸಿಟ್ಟು ಮಾಡಿ ಅಂದುಬಿಟ್ಟೆ. ತಪ್ಪಾಯಿತು.

ಅಂಚಿನಲ್ಲಿ ನೀನು ಪೆನ್ಸಿಲಿನಿಂದ ಬರೆದ ಹೀಬ್ರೂ ಅಕ್ಷರಗಳನ್ನು ಪಕ್ಕದ ಮನೆ ಅಕ್ಕನಿಗೆ ತೋರಿಸಿದೆ. ಬಲದಿಂದ ಎಡಕ್ಕೆ ಓದಬೇಕು ಅಂತ ನಾನೇ ಹೇಳಿಕೊಟ್ಟೆ.

ಇನ್ನೆರಡು ಅಧ್ಯಾಯ ಬಾಕಿ ಇವೆ. ಮುಗಿಸಿ ಅಣ್ಣನ ಕೈಯಲ್ಲಿ ಕಳಿಸುತ್ತೇನೆ, ರೊಟ್ಟಿಯ ಜೊತೆಗೆ.

ನಿನ್ನ ಅವ್ವ