ಫೋಟೊ ನೋಡಿ ಕೋವಿಗೆ ಬೆಲೆ ಹೇಳುವುದನ್ನು ನಿಲ್ಲಿಸುತ್ತಿದ್ದೇವೆ

ಪ್ರಿಯ ಗ್ರಾಹಕರೇ, ನಮಸ್ಕಾರ.

ಆಗಸ್ಟ್ 1ರಿಂದ ನಮ್ಮ ಅಂಗಡಿಯಲ್ಲಿ ವಾಟ್ಸಾಪ್ ಫೋಟೊ ನೋಡಿ ಹಳೇ ಕೋವಿಗೆ ಬೆಲೆ ಹೇಳುವುದಿಲ್ಲ. ಕೋವಿಯನ್ನೇ ತರಬೇಕು. ನಳಿಗೆ ಬಿಚ್ಚಿ ನೋಡಿ, ಅದು ಎಲ್ಲಿಯದು, ಯಾವ ಕಾಲದ್ದು ಅಂತ ಮೊದಲು ಬರೆದುಕೊಡುತ್ತೇವೆ. ಬೆಲೆಯ ಮಾತು ಆಮೇಲೆ. ದೂರದಿಂದ ಮಡಿಕೇರಿಗೆ ಬರುವವರಿಗೆ ಇದು ತೊಂದರೆಯೇ, ಗೊತ್ತು.

ಇದಕ್ಕೆ ಕಾರಣ ನಮ್ಮದೇ ತಪ್ಪು. ಹೋದ ವರ್ಷ ಒಂದು ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಜೋಡಿ ನಳಿಗೆ ಕೋವಿಯ ಫೋಟೊ ಬಂತು. ಮೇಲೆ 'ರಿಚರ್ಡ್ಸ್' ಅಂತ ಚೆಂದದ ಕೆತ್ತನೆ. ಬರ್ಮಿಂಗ್‌ಹ್ಯಾಮ್‌ನ ಹೆಸರಾಂತ ಕೋವಿ ಕಂಪನಿ ವೆಸ್ಟ್ಲಿ ರಿಚರ್ಡ್ಸ್‌ನದೇ ಇರಬೇಕು ಅಂದುಕೊಂಡು ದೊಡ್ಡ ಮೊತ್ತ ಹೇಳಿಬಿಟ್ಟೆವು. ಅಣ್ಣತಮ್ಮಂದಿರು ಅದೇ ಲೆಕ್ಕ ಹಿಡಿದು ಪಾಲು ಮಾಡಿಕೊಂಡರು. ಆರು ತಿಂಗಳಾದ ಮೇಲೆ ಆ ಕೋವಿ ರಿಪೇರಿಗೆ ಬಂತು. ನಳಿಗೆ ತೆಗೆದು ಅಡಿ ನೋಡಿದರೆ ಮೊಟ್ಟೆಯಾಕಾರದ ಗೆರೆಯೊಳಗೆ 'ಇ ಎಲ್ ಜಿ' ಮುದ್ರೆ! ಅದು ಬೆಲ್ಜಿಯಂನ ಲಿಯೇಜ್ ಪಟ್ಟಣದ ಪರೀಕ್ಷಾ ಮುದ್ರೆ, ಅಂದರೆ ನಳಿಗೆ ಒತ್ತಡ ತಡೆಯುತ್ತದೆಯೇ ಅಂತ ಹೊಡೆದು ನೋಡಿದ ಮೇಲೆ ಒತ್ತುವ ಗುರುತು. ಇಂಗ್ಲೆಂಡಿನ ದೊಡ್ಡ ಹೆಸರುಗಳನ್ನು ಹೋಲುವ ಹೆಸರು ಕೊರೆದ ಅಗ್ಗದ ಕೋವಿಗಳು ಅಲ್ಲಿಂದ ಹಿಂದೆ ರಾಶಿ ರಾಶಿ ಬರುತ್ತಿದ್ದವು. ಕೋವಿ ಕೆಟ್ಟದ್ದೇನಲ್ಲ, ಆದರೆ ನಾವು ಹೇಳಿದ ಬೆಲೆಯದಂತೂ ಅಲ್ಲ. ಆ ಮನೆಯವರ ಮುಂದೆ ಕೂತು ಅದನ್ನು ಹೇಳಿದ ದಿನ ಇನ್ನೂ ನೆನಪಿದೆ.

ಮೇಲಿನ ಹೆಸರು ಎಷ್ಟೋ ಸಲ ಮಾರಿದ ಅಂಗಡಿಯದು. ಕಲ್ಕತ್ತಾದ ಮ್ಯಾಂಟನ್, ರೊಡ್ಡಾ ಅಂತ ಬರೆದ ಎಷ್ಟೋ ಕೋವಿಗಳು ತಯಾರಾದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಕೆಲವು ಹೆಸರುಗಳಿಂದ ಕಾಲ ತಿಳಿಯುತ್ತದೆ, ಇಲ್ಲ ಅಂತಲ್ಲ. ವೆಬ್ಲಿ ಮತ್ತು ಸ್ಕಾಟ್ ಎಂಬ ಕೋವಿ ಕಂಪನಿಗಳು ಒಂದಾದದ್ದು 1897ರಲ್ಲಿ. ಎರಡೂ ಹೆಸರು ಒಟ್ಟಿಗಿದ್ದರೆ ಕೋವಿ ಅದಕ್ಕಿಂತ ಹಳೆಯದಲ್ಲ. 'ನಮ್ಮ ಮುತ್ತಜ್ಜನಿಗೆ 1880ರಲ್ಲಿ ಬಂದದ್ದು' ಅಂತ ಮನೆಯಲ್ಲಿ ಎಷ್ಟು ಗಟ್ಟಿಯಾಗಿ ಹೇಳಿದರೂ ಅಷ್ಟೇ.

ನಿಜವಾದ ಜಾತಕ ಇರುವುದು ನಳಿಗೆಯ ಅಡಿಯಲ್ಲಿ. ಮರ ತೆಗೆಯದೆ ಅದು ಕಾಣುವುದಿಲ್ಲ. 'ನಾಟ್ ಫಾರ್ ಬಾಲ್' ಅಂತ ಇದ್ದರೆ ಆ ನಳಿಗೆಯ ಪರೀಕ್ಷೆ 1875 ಮತ್ತು 1887ರ ನಡುವೆ ನಡೆದಿದೆ. ಬಾಯಿ ಕಿರಿದಾಗಿಸಿದ ನಳಿಗೆ, ಒಂಟಿ ಗುಂಡು ಹಾಕಬೇಡಿ ಅಂತ ಅದರ ಅರ್ಥ. ಬರ್ಮಿಂಗ್‌ಹ್ಯಾಮ್‌ನ ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಅಕ್ಷರಗಳಿದ್ದರೆ 1904ರ ನಂತರದ್ದು. ಎನ್‌ಪಿ ಅಂದರೆ ನೈಟ್ರೊ ಮದ್ದಿಗೆ, ಅಂದರೆ ಹೊಗೆಯಿಲ್ಲದ ಮದ್ದಿಗೆ, ಪರೀಕ್ಷೆ ಆಗಿದೆ ಅಂತ. ಇಲ್ಲೂ ಒಂದು ತೊಡಕಿದೆ. ಮುದ್ರೆ ಹೇಳುವುದು ಪರೀಕ್ಷೆಯ ಕಾಲವನ್ನು, ಕೋವಿಯ ಕಾಲವನ್ನಲ್ಲ. ಹಳೇ ಕೋವಿಯನ್ನು ಎಷ್ಟೋ ವರ್ಷದ ನಂತರ ಮತ್ತೆ ಪರೀಕ್ಷೆಗೆ ಕಳಿಸಿದ್ದೂ ಉಂಟು. ಅದಕ್ಕೇ ಒಂದು ಮುದ್ರೆ ಸಾಲದು, ಎಲ್ಲವನ್ನೂ ಜೋಡಿಸಿ ನೋಡಬೇಕು.

ತೋಟೆ (ಕಾರ್ಟ್ರಿಜ್) ಕೂರುವ ಕೋಣೆಯ ಉದ್ದವನ್ನೂ ಇನ್ನು ಅಳೆದು ಬರೆದುಕೊಡುತ್ತೇವೆ. ಹಳೆಯ ಹನ್ನೆರಡು ಬೋರಿನ ಎಷ್ಟೋ ಕೋವಿಗಳಲ್ಲಿ ಅದು 65 ಮಿಲಿಮೀಟರ್. ಈಗ ಸಿಗುವ ತೋಟೆ ಹೆಚ್ಚಾಗಿ 70. ಅದು ಒಳಗೆ ಸಲೀಸಾಗಿ ಹೋಗುತ್ತದೆ, ಮೋಸ ಇರುವುದೇ ಅಲ್ಲಿ. ಹೊಡೆದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಸುರುಳಿ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಹೆಣೆದು ಬೆಸೆದದ್ದು. ನೋಡಲು ಬಲು ಚೆಂದ. ತೋರಿಸದೆ ಅದರಲ್ಲಿ ಹೊಸ ತೋಟೆ ಹೊಡೆಯಬೇಡಿ.

ಬೆಲೆಯ ವಿಷಯದಲ್ಲಿ ಇಂಗ್ಲೆಂಡಿನ ಹರಾಜಿನ ಅಂಕಿ ತೋರಿಸಿ ಚೌಕಾಶಿ ಬೇಡ. 1980ರ ದಶಕದಲ್ಲಿ ಆಮದು ನಿಂತ ಮೇಲೆ ಇಲ್ಲಿನ ಲೆಕ್ಕವೇ ಬೇರೆ. ಅಲ್ಲಿ ಯಾರೂ ಕೇಳದ ಸಾಧಾರಣ ಕೋವಿಗೂ ಇಲ್ಲಿ ಬೇಡಿಕೆ ಇದೆ. ಹಾಗಂತ ನೂರು ವರ್ಷ ದಾಟಿದ ಕೋವಿಯನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಮಾಡಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ.

ಇನ್ನು ಮೇಲೆ ಶುಲ್ಕ ಒಂದೇ, ಕೋವಿಗೆ 1,200 ರೂಪಾಯಿ. ಬೆಲೆಯ ಮೇಲೆ ಶೇಕಡಾವಾರು ತೆಗೆದುಕೊಳ್ಳುವ ಹಳೇ ಪದ್ಧತಿ ಹೋಯಿತು. ಬೆಲೆ ಏರಿದಷ್ಟೂ ನಮಗೆ ಲಾಭ ಅಂತಾದರೆ ನಮ್ಮ ಮಾತನ್ನು ನೀವು ನಂಬುವುದಾದರೂ ಹೇಗೆ, ಅಲ್ವಾ? ನಾವೇ ಬೆಲೆ ಕಟ್ಟಿದ ಕೋವಿಯನ್ನು ನಾವು ಕೊಳ್ಳುವುದೂ ಇಲ್ಲ.

ಬರುವಾಗ ಲೈಸೆನ್ಸ್ ಅಥವಾ ವಿನಾಯಿತಿ ಪತ್ರ ಜೊತೆಗಿರಲಿ. ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ಹಳೇ ವಂಶಪಾರಂಪರ್ಯ ಭೂಮಿ ಇರುವವರು) ಕೊಡವರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರವರೆಗೆ ಇದೆ, ಆದರೆ ದಾರಿಯಲ್ಲಿ ಯಾರಾದರೂ ಕೇಳಿದರೆ ಕಾಗದವೇ ಮಾತಾಡಬೇಕು. ಅಟ್ಟದಲ್ಲಿ ದಾಖಲೆಯಿಲ್ಲದ ಕೇಪಿನ ಕೋವಿ (ಬಾಯಿಂದ ಮದ್ದು ತುಂಬಿ ಕೇಪು ಇಟ್ಟು ಹೊಡೆಯುವ ಹಳೇ ಕೋವಿ) ಸಿಕ್ಕಿದ್ದರೆ ಅದನ್ನು ನಮ್ಮಲ್ಲಿಗೆ ಹೊತ್ತು ತರಬೇಡಿ. ಮೊದಲು ಪೊಲೀಸ್ ಠಾಣೆಗೆ ತಿಳಿಸಿ.

ಕೋವಿಗೆ ಪೂಜೆ ಮಾಡುವ ಕೊಡವರ ಹಬ್ಬ ಕೈಲ್ ಮುಹೂರ್ತ ಹತ್ತಿರ ಬರುತ್ತಿದೆ. ದಯವಿಟ್ಟು ಫಳಫಳ ಹೊಳೆಯಲಿ ಅಂತ ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಡಿ. ಮುದ್ರೆಗಳು ಮೊದಲು ಸವೆಯುತ್ತವೆ, ಜೊತೆಗೆ ಅರ್ಧ ಬೆಲೆಯೂ. ಒಣ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಗನ್ ಎಣ್ಣೆ ಸವರಿದರೆ ಸಾಕು.

ಈಗಾಗಲೇ ಫೋಟೊ ಕಳಿಸಿ ಉತ್ತರಕ್ಕೆ ಕಾಯುತ್ತಿರುವವರು ಹನ್ನೊಂದು ಜನ ಇದ್ದೀರಿ. ನಿಮ್ಮಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಆಗಸ್ಟ್‌ನಲ್ಲಿ ಯಾವ ದಿನ ಬರುತ್ತೀರಿ ಅಂತ ಒಂದು ಫೋನ್ ಮಾಡಿ ತಿಳಿಸಿ.

ಇಂತಿ,
ಅಂಗಡಿಯ ಪರವಾಗಿ