ನಂಜುಂಡನ ಕತೆ ಸಾಲಿನಲ್ಲಿ ನಿಂತವರಿಗೂ ಸಿಗಲಿ: ಮುಜರಾಯಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಕಳೆದ ಸೋಮವಾರ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನಕ್ಕೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಅಜ್ಜಿ, ಆಗತಾನೆ ಮುಡಿ ಕೊಟ್ಟು ಬಂದ ಮೊಮ್ಮಗ. ಬೋಳು ತಲೆ ತುಂಬ ಗಂಧ. "ನಂಜು ಅಂದ್ರೆ ಏನಜ್ಜಿ?" ಅಂದ. "ವಿಷ ಕಣಪ್ಪ. ಮೊನ್ನೆ ನಿನ್ ಕಾಲಿನ ಗಾಯ ನಂಜಾಗಿತ್ತಲ್ಲ, ಅದೇ. ಲೋಕದ ನಂಜನ್ನೆಲ್ಲ ಉಂಡೋನು ಈ ನಂಜುಂಡ." ಸಮುದ್ರಮಥನದ ಹಾಲಾಹಲದ ಕತೆಯನ್ನು ಇಷ್ಟು ಸಲೀಸಾಗಿ ಹೇಳಿದ್ದು ನಾನಂತೂ ಕೇಳಿರಲಿಲ್ಲ. ಅಕ್ಕಪಕ್ಕದವರೂ ಮೊಬೈಲ್ ಜೇಬಿಗಿಟ್ಟು ಕಿವಿಗೊಟ್ಟರು.

ನನ್ನ ಕೋರಿಕೆ ಇಷ್ಟೇ. ಸಾಲು ಸಾಗುವ ದಾರಿಯುದ್ದಕ್ಕೂ ದೊಡ್ಡ ಅಕ್ಷರದಲ್ಲಿ, ಆಡುಮಾತಿನ ಕನ್ನಡದಲ್ಲಿ ಈ ಕತೆಗಳನ್ನು ಬರೆಸಿ. ನಮ್ಮ ದೇವಸ್ಥಾನಗಳಲ್ಲಿ ಟ್ಯೂಬ್‌ಲೈಟಿನ ಮೇಲೂ ದಾನಿಗಳ ಹೆಸರಿರುತ್ತದೆ. ದೇವರ ಕತೆಗೂ ಒಂದಿಷ್ಟು ಜಾಗ ಬೇಕಲ್ವಾ?

ಅದರಲ್ಲೂ ಹಕೀಮ್ ನಂಜುಂಡನ ಕತೆ ಬಿಡಬೇಡಿ. ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಹೋಗಿತ್ತಂತೆ. ಇಲ್ಲಿ ಪೂಜೆ ಮಾಡಿಸಿದ ಮೇಲೆ ಕಣ್ಣು ಬಂತಂತೆ. ಸುಲ್ತಾನ ಖುಷಿಯಾಗಿ ಪಚ್ಚೆಲಿಂಗ ಕೊಟ್ಟ, ದೇವರನ್ನು 'ಹಕೀಮ್' ಅಂತ ಕರೆದ. ಹಕೀಮ್ ಅಂದರೆ ವೈದ್ಯ. ಕಾಯಿಲೆ ಬಿದ್ದವರು ಇವತ್ತಿಗೂ ಹರಕೆ ಹೊತ್ತು ಇಲ್ಲಿ ಉರುಳುಸೇವೆ ಮಾಡೋದು ಸುಮ್ನೆ ಅಲ್ಲ. ಪರಶುರಾಮನ ಕೊಡಲಿ ಏಟಿಗೆ ಲಿಂಗದಿಂದ ರಕ್ತ ಬಂದಾಗ ಅವನು ಮಣ್ಣು ಮೆತ್ತಿ ನಿಲ್ಲಿಸಿದ ಅನ್ನುವ ಕತೆಯೂ ಇದೆ. ಅಲ್ಲೂ ಗಾಯ, ಅಲ್ಲೂ ಔಷಧಿ!

ಒಂದು ಮಾತು. ಯಾವುದು ಪುರಾಣ, ಯಾವುದು ಇತಿಹಾಸ ಅಂತ ಬೇರೆ ಬೇರೆ ಬಣ್ಣದಲ್ಲಿ ಬರೆಸಿ. ಏಳು ನೆಲೆಯ ಆ ಗೋಪುರವನ್ನು ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವರಾಜಮ್ಮಣ್ಣಿ. ಅದರ ಕೆಳಗೆ ಸೆಲ್ಫಿ ತೆಗೆಯುವ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಕಪಿಲೆಯ ಹಳೇ ಸೇತುವೆ 1735ರದು. ಮುಂದೆ ಅದರ ಮೇಲೆಯೇ ರೈಲೂ ಓಡಿತು. ಸ್ನಾನಘಟ್ಟದಲ್ಲಿ ಅದಕ್ಕೂ ಒಂದು ಫಲಕ ಇರಲಿ.

ಬರೆಯೋಕೆ ಪಂಡಿತರನ್ನು ಕರೆಸಿ, ಬೇಡ ಅನ್ನಲ್ಲ. ಆದರೆ ಬರೆದದ್ದನ್ನು ಆ ಅಜ್ಜಿಯಂಥವರ ಮುಂದೆ ಒಮ್ಮೆ ಓದಿಸಿ. ಅವರಿಗೆ ಅರ್ಥವಾಗದ ಸಾಲನ್ನು ಹೊಡೆದುಹಾಕಿ. ದೊಡ್ಡಜಾತ್ರೆಯಲ್ಲಿ ಐದು ತೇರು ಎಳೆಯುವ ಹೊತ್ತಿಗೆ ನಾಲ್ಕು ಫಲಕವಾದರೂ ಎದ್ದು ನಿಂತಿರಲಿ.

ಇತಿ,
ವರ್ಷಕ್ಕೆರಡು ಸಲ ಆ ಸಾಲಿನಲ್ಲಿ ನಿಲ್ಲುವ ಒಬ್ಬ ಭಕ್ತ